ಎಂಬತ್ತು ಎಲೆಯ ಮದುವೆ

ಧಾರೆಯ ಹೊತ್ತಿನಲ್ಲಿ ಒಬ್ಬರು ಹಸೆಮಣೆಯ ಹತ್ತಿರ ಬಂದು, ಚೊಂಬು ಹಿಡಿದು, ವಧೂವರರ ಕೈಮೇಲೆ ಹಾಲೆರೆದು, ಒಂದು ಮಾತು ಹರಸಿ ಸರಿಯಲು ಅರ್ಧ ನಿಮಿಷ ಬೇಕು. ಎಂಬತ್ತು ಜನರಿಗೆ ನಲವತ್ತು ನಿಮಿಷ. ಎಂಟುನೂರು ಜನರಿಗೆ ಆರು ಗಂಟೆ ನಲವತ್ತು ನಿಮಿಷ. ಅದಕ್ಕೇ ಛತ್ರದ ಮದುವೆಗಳಲ್ಲಿ ಸಾಲಿನ ಬದಿಯಲ್ಲಿ ನಿಂತ ಯಾರೋ ಒಬ್ಬರು ‘ಬೇಗ, ಬೇಗ’ ಎಂದು ಕೂಗುತ್ತಿರುತ್ತಾರೆ. ಎರೆದವರು ಯಾರೆಂದು ಮದುಮಗಳು ತಲೆಯೆತ್ತಿ ನೋಡುವಷ್ಟರಲ್ಲಿ ಅವರು ಊಟದ ಮನೆಯ ಬಾಗಿಲಲ್ಲಿರುತ್ತಾರೆ.

ನಮ್ಮ ಮನೆಯಲ್ಲಿ ಎರಡೂ ಬಗೆಯ ಮದುವೆ ನಡೆದಿವೆ. 2016ರಲ್ಲಿ ದೊಡ್ಡ ಮಗಳದು ಮೈಸೂರಿನ ಛತ್ರವೊಂದರಲ್ಲಿ, ಒಂಬೈನೂರು ಎಲೆ. 2022ರಲ್ಲಿ ಅಣ್ಣನ ಮಗನದು, ಅರವತ್ತು ಜನ ಎಂದು ಹೊರಟು ನೂರಹತ್ತಕ್ಕೆ ನಿಂತಿತು. 2024ರ ಫೆಬ್ರವರಿಯಲ್ಲಿ ಚಿಕ್ಕ ಮಗಳದು, ಅರಕಲಗೂಡು ತಾಲ್ಲೂಕಿನಲ್ಲಿರುವ ನನ್ನ ತವರಿನ ತೊಟ್ಟಿ ಮನೆಯಲ್ಲಿ. ಎಂಬತ್ತು ಜನರಿಗೆ ಹೇಳಿದ್ದೆವು, ಎಂಬತ್ತಮೂರು ಎಲೆ ಎದ್ದವು. ಎರಡನೆಯದರಲ್ಲಿ ಮಾಡಿದ ತಪ್ಪನ್ನು ಮೂರನೆಯದರಲ್ಲಿ ತಿದ್ದಿಕೊಂಡ ಅನುಭವವೇ ಇಲ್ಲಿರುವುದು. ಪದ್ಧತಿಗಳು ಹಳೆ ಮೈಸೂರು ಸೀಮೆಯವು; ನಿಮ್ಮ ಕಡೆಯ ಹೆಸರು ಬೇರೆಯಾದರೆ ಹೊಂದಿಸಿಕೊಳ್ಳಿ.

ಖರ್ಚು ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಮನೆಮದುವೆಗೆ ಕೈಹಾಕುವವರಿಗೆ ಮೊದಲೇ ಒಂದು ಮಾತು. ಹಣವೇನೋ ಉಳಿಯುತ್ತದೆ. ಆದರೆ ಛತ್ರದವರು ಮಾಡುತ್ತಿದ್ದ ಕೆಲಸವೆಲ್ಲ, ಕಸ ಎತ್ತುವುದರಿಂದ ಹಿಡಿದು ನೀರು ತುಂಬಿಸುವವರೆಗೆ, ನಿಮ್ಮ ತಲೆಗೆ ಬರುತ್ತದೆ.

ಮುಯ್ಯಿ ಪುಸ್ತಕದಿಂದ ಶುರು ಮಾಡಿ

ಪಟ್ಟಿ ಬರೆಯಲು ಎಲ್ಲರೂ ಮೊಬೈಲಿನ ಹೆಸರುಗಳನ್ನು ನೋಡುತ್ತಾರೆ. ಅದು ಬೇಡ. ಬೀರುವಿನ ಅಡಿಯಲ್ಲಿರುವ ಹಳೆಯ ಮುಯ್ಯಿ ಪುಸ್ತಕ ತೆಗೆಯಿರಿ. ಹಿಂದಿನ ಮದುವೆಗೆ, ಗೃಹಪ್ರವೇಶಕ್ಕೆ ಯಾರು ಏನು ಉಡುಗೊರೆ ಕೊಟ್ಟಿದ್ದಾರೆಂಬ ಲೆಕ್ಕ ಅದರಲ್ಲಿದೆ. ನಮ್ಮಲ್ಲಿ ನಂಟು ಮುರಿಯುವುದು ಕರೆಯದಿದ್ದಕ್ಕಲ್ಲ. ಮುಯ್ಯಿ ಪಡೆದೂ ಕರೆಯದಿದ್ದಕ್ಕೆ. ಆ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಅವರೆಲ್ಲರನ್ನೂ ಕರೆಯಬೇಕೆಂದು ಇದರ ಅರ್ಥವಲ್ಲ. ಯಾರ ಮನೆಗೆ ನೀವೇ ಹೋಗಿ ಮಾತನಾಡಬೇಕು, ಯಾರಿಗೆ ಫೋನು ಸಾಕು ಎಂಬುದು ಆ ಹಾಳೆಯಿಂದ ತಿಳಿಯುತ್ತದೆ.

ಸಂಖ್ಯೆಯನ್ನು ಮೊದಲು ಕಟ್ಟಿ, ಹೆಸರು ಆಮೇಲೆ ತುಂಬಿಸಿ. ನಾವು ಎರಡು ಮನೆಯವರೂ ಕುಳಿತು ತಲಾ ನಲವತ್ತು ಎಂದು ಒಪ್ಪಿಕೊಂಡೆವು. ಅದರಲ್ಲಿ ಹತ್ತು ಜಾಗ ಹುಡುಗ ಹುಡುಗಿಯ ಗೆಳೆಯರಿಗೆ. ಅದಕ್ಕೆ ಹಿರಿಯರು ಕೈಹಾಕುವಂತಿಲ್ಲ. ಉಳಿದದ್ದರಲ್ಲಿ ನನ್ನ ಅಳತೆಗೋಲು ಒಂದೇ: ಈ ಮಗುವಿನ ನಾಮಕರಣಕ್ಕೆ ಬಂದವರು, ಪರೀಕ್ಷೆಯ ಫಲಿತಾಂಶ ಕೇಳಿದವರು, ಜ್ವರ ಬಂದಾಗ ಗಂಜಿ ತಂದವರು. ಈ ಗೋಲಿನಿಂದ ಅಳೆದಾಗ ನನ್ನ ಸ್ವಂತ ದೊಡ್ಡಪ್ಪನ ಮಗನೊಬ್ಬ ಹೊರಗುಳಿದ, ಹಾಸ್ಟೆಲಿನ ಅಡುಗೆಯಮ್ಮ ಒಳಬಂದರು. ಮನೆಯಲ್ಲಿ ಎರಡು ದಿನ ಮಾತು ನಿಂತಿತು. ನಿಲ್ಲಲಿ.

ಹಳ್ಳಿಯಲ್ಲಿ ಮಾಡುವುದಾದರೆ ಕೇರಿಯನ್ನು ಬಿಟ್ಟು ಮದುವೆ ಮಾಡುವಂತಿಲ್ಲ. ಅದಕ್ಕೆ ಹಿರಿಯರೇ ದಾರಿ ಮಾಡಿಟ್ಟಿದ್ದಾರೆ: ಮನೆಗೊಬ್ಬರು. ಕರೆಯುವಾಗಲೇ ‘ಮನೆಗೊಬ್ಬರಂತೆ ಬನ್ನಿ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ಏಕೆಂದರೆ ಅವರ ಮನೆಯ ಕಾರ್ಯಕ್ಕೂ ಅವರು ಹಾಗೆಯೇ ಕರೆದಿರುತ್ತಾರೆ. ನಮ್ಮ ಕೇರಿಯ ಹದಿನಾಲ್ಕು ಮನೆಗಳಿಗೆ ಹದಿನಾಲ್ಕು ಎಲೆ.

ಇನ್ನು 2022ರ ತಪ್ಪು. ಲಗ್ನಪತ್ರಿಕೆ ಅಚ್ಚಿಗೆ ಕೊಡುವಾಗ ಹಳೆಯ ಪತ್ರಿಕೆಯೊಂದನ್ನೇ ಮಾದರಿಯಾಗಿ ಕೊಟ್ಟಿದ್ದೆವು. ಅದರಲ್ಲಿ ಎಂದಿನ ಸಾಲು ಇತ್ತು: ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ.’ ಜನ ಓದಿದರು, ಹಾಗೆಯೇ ಬಂದರು. ತಪ್ಪು ಅವರದಲ್ಲ. ಈ ಸಾಲನ್ನು ತೆಗೆಸಿ, ಕರೆಯುವವರ ಹೆಸರನ್ನು ಕೈಯಲ್ಲೇ ಬರೆಯಿರಿ. ವಾಟ್ಸ್ಯಾಪಿನಲ್ಲಿ ಪತ್ರಿಕೆ ಹರಿಬಿಡಬೇಡಿ. ಅದು ಯಾವ ಗುಂಪಿಗೆ ಹೋಗಿ ಸೇರುತ್ತದೆಂದು ಬ್ರಹ್ಮನಿಗೂ ತಿಳಿಯದು. ಆದರೆ ಇಪ್ಪತ್ತೈದು ಪ್ರತಿಯನ್ನಾದರೂ ಅಚ್ಚು ಹಾಕಿಸಿ. ನೋಂದಣಿ ಕಚೇರಿಯಲ್ಲಿ ಲಗ್ನಪತ್ರಿಕೆ ಕೇಳುತ್ತಾರೆ.

ಕರೆಯದವರಿಗೆ ಮೊದಲು ಹೇಳಿ

2020ರಲ್ಲಿ ಸರ್ಕಾರವೇ ಮದುವೆಗೆ ಐವತ್ತು ಜನರ ಮಿತಿ ಹಾಕಿದಾಗ ಎಲ್ಲರಿಗೂ ಒಂದು ನೆಪ ಸಿಕ್ಕಿತ್ತು. ಈಗ ಆ ನೆಪವಿಲ್ಲ, ನಮ್ಮ ಬಾಯಿಂದಲೇ ಹೇಳಬೇಕು. ಕರೆಯುವವರಿಗೆ ಹೇಳುವ ಮೊದಲೇ ಕರೆಯದವರಿಗೆ ಹೇಳಿಬಿಡುವುದು ನಾನು ಕಲಿತ ಉಪಾಯ. ಬೇರೆಯವರಿಂದ ಸುದ್ದಿ ತಿಳಿದರೆ ನೋವು ಇಮ್ಮಡಿಯಾಗುತ್ತದೆ.

ಮದುವೆಗೆ ಆರು ವಾರ ಇರುವಾಗ ನಾನು, ನನ್ನ ಯಜಮಾನರು ಹನ್ನೊಂದು ಮನೆಗಳಿಗೆ ಹೋದೆವು. ಸುಳ್ಳು ಹೇಳಲಿಲ್ಲ. ‘ದೊಡ್ಡಪ್ಪ, ಚಿಕ್ಕವಳ ಮದುವೆಯನ್ನು ಊರ ಮನೆಯಲ್ಲಿ ಮಾಡುತ್ತಿದ್ದೇವೆ. ಅಂಗಳದಲ್ಲಿ ಹಿಡಿಸುವಷ್ಟೇ ಜನ. ಮದುವೆಯಾದ ಮೇಲೆ ಅವರಿಬ್ಬರನ್ನೂ ನಿಮ್ಮ ಮನೆಗೆ ಕರೆತರುತ್ತೇವೆ, ಅಂದು ನೀವು ಹರಸಬೇಕು’ ಎಂದೆವು. ಒಬ್ಬರು ಮುಖ ತಿರುಗಿಸಿದರು. ಹತ್ತು ಜನ ಕಾಫಿ ಕೊಟ್ಟು ಕಳುಹಿಸಿದರು. ಅವರಲ್ಲಿ ಇಬ್ಬರು ‘ಒಳ್ಳೆಯದೇ ಆಯಿತು, ಆ ವಾರ ಇನ್ನೂ ನಾಲ್ಕು ಮದುವೆ ಇವೆ’ ಎಂದೂ ಅಂದರು! ಮಾತು ಕೊಟ್ಟ ಮೇಲೆ ನಡೆಸಬೇಕು. ಮದುವೆಯ ಮುಂದಿನ ತಿಂಗಳು ನಾಲ್ಕು ಭಾನುವಾರ ಹೊಸ ಜೋಡಿ ತಾಂಬೂಲದ ಚೀಲ ಹಿಡಿದು ಆ ಮನೆಗಳಿಗೆಲ್ಲ ಹೋಗಿಬಂದಿತು.

ದಿನ ಮತ್ತು ಜಾಗ

ಆಷಾಢ, ಧನುರ್ಮಾಸ ಬಿಟ್ಟು ನಿಮ್ಮ ಜೋಯಿಸರು ಕೊಡುವ ದಿನಗಳಲ್ಲಿ ಮಳೆಯಿಲ್ಲದ, ಸುಗ್ಗಿ ಮುಗಿದ ಮಾಘವನ್ನು ಆರಿಸಿಕೊಳ್ಳುವುದು ಮನೆಮದುವೆಗೆ ಒಳ್ಳೆಯದು. ಕಣ ಖಾಲಿಯಾಗಿರುತ್ತದೆ, ವಾಹನ ನಿಲ್ಲಿಸಲು ಬೇರೆ ಜಾಗ ಹುಡುಕಬೇಕಿಲ್ಲ. ಮುಹೂರ್ತ ಬೆಳಗಿನ ಒಂಬತ್ತರಿಂದ ಹತ್ತೂವರೆಯೊಳಗೆ ಇರಲಿ. ಅದಕ್ಕಿಂತ ಬೇಗನೆಯಾದರೆ ದೂರದವರಿಗೆಲ್ಲ ಹಿಂದಿನ ರಾತ್ರಿಯೇ ಮಲಗಲು ಜಾಗ ಕೊಡಬೇಕಾಗುತ್ತದೆ. ತಡವಾದರೆ ಧಾರೆಯ ಹೊತ್ತಿಗೆ ಮಕ್ಕಳು ಹಸಿದು ಅಳುತ್ತಾರೆ.

ಚಪ್ಪರದ ಅಂದವನ್ನು ಎಲ್ಲರೂ ಯೋಚಿಸುತ್ತಾರೆ, ಶೌಚಾಲಯವನ್ನು ಯಾರೂ ಯೋಚಿಸುವುದಿಲ್ಲ. ಎಂಬತ್ತು ಜನರಿಗೆ ನಾಲ್ಕಾದರೂ ಬೇಕು. ನಮ್ಮ ಮನೆಯಲ್ಲಿ ಎರಡು ಇದ್ದವು. ಎದುರು ಮನೆಯವರದು ಒಂದು, ಪಕ್ಕದ ಮನೆಯವರದು ಒಂದು ಕೇಳಿಕೊಂಡೆವು. ಮಂಡಿ ನೋವಿನ ಹಿರಿಯರಿಗೆ ಕಮೋಡ್ ಇರುವುದನ್ನು ಮೀಸಲಿಟ್ಟು, ಬಾಗಿಲಿಗೆ ಒಂದು ಕೆಂಪು ರಿಬ್ಬನ್ ಕಟ್ಟಿದೆವು. ಸಾವಿರ ಲೀಟರಿನ ತೊಟ್ಟಿಯೊಂದನ್ನು ಹಿಂದಿನ ದಿನವೇ ತುಂಬಿಸಿಡಿ. ಮುಹೂರ್ತದ ಹೊತ್ತಿನಲ್ಲೇ ಕರೆಂಟು ಹೋಗಿ ಮೋಟಾರು ಓಡದಿರುವುದು ಹಳ್ಳಿಯಲ್ಲಿ ಹೊಸದೇನಲ್ಲ.

ಚಪ್ಪರ ಶಾಮಿಯಾನದವರದಾದರೂ ಮೇಲೆ ತೆಂಗಿನ ಗರಿ ಹೊದಿಸಿ. ಬಟ್ಟೆಯ ಕೆಳಗೆ ಫೆಬ್ರವರಿಯ ಬಿಸಿಲಿಗೂ ಬೆವರು ಬರುತ್ತದೆ. ಹಸಿ ಗರಿಯ ಕೆಳಗೆ ಮಣ್ಣಿನ ವಾಸನೆಯ ತಂಪು. ಇಪ್ಪತ್ತಡಿ ಮೂವತ್ತಡಿಯ ನಮ್ಮ ಹನ್ನೆರಡು ಕಂಬದ ಚಪ್ಪರಕ್ಕೆ ಅರವತ್ತು ಗರಿ ಹಿಡಿಸಿತು. ಗರಿಯನ್ನು ಹಿಂದಿನ ದಿನ ಕಡಿಯಿರಿ. ಎರಡು ದಿನ ಮೊದಲೇ ಕಡಿದರೆ ಮುದುಡಿಕೊಂಡು ಬಿಸಿಲು ಸೋರುತ್ತದೆ.

ಊರ ಮನೆಯಿಲ್ಲದವರಿಗೆ ಚಿಕ್ಕ ದೇವಸ್ಥಾನದ ಅಂಗಳ, ತಾರಸಿ, ಗೆಳೆಯರ ತೋಟದ ಮನೆ ಇವೆಲ್ಲ ನಡೆಯುತ್ತವೆ. ಸಾವಿರ ಜನ ಹಿಡಿಸುವ ಛತ್ರದಲ್ಲಿ ಎಂಬತ್ತು ಜನರ ಮದುವೆ ಮಾತ್ರ ಬೇಡ. ಮೂರು ಸಾಲು ತುಂಬಿ ಉಳಿದ ಕುರ್ಚಿಗಳೆಲ್ಲ ಖಾಲಿ ಕುಳಿತರೆ ಏನೋ ಜಗಳವಾಗಿ ನೆಂಟರು ಬರಲಿಲ್ಲವೇನೋ ಅನ್ನಿಸುತ್ತದೆ.

ಬಂದವರಿಗೆಲ್ಲ ಕೆಲಸ

ಕೆಲಸವಿಲ್ಲದ ನೆಂಟ ಕುರ್ಚಿಯಲ್ಲಿ ಕುಳಿತು ಮೊಬೈಲು ನೋಡುತ್ತಾನೆ, ಇಲ್ಲವೇ ತಪ್ಪು ಹುಡುಕುತ್ತಾನೆ. ಎಂಬತ್ತು ಜನರಲ್ಲಿ ಐವತ್ತು ಜನರಿಗಾದರೂ ಹೆಸರು ಹಿಡಿದು ಒಂದೊಂದು ಕೆಲಸ ಹಚ್ಚಿ.

ಸೋದರಮಾವನ ಕೆಲಸ ಶಾಸ್ತ್ರದಲ್ಲೇ ಇದೆ, ಹೆಣ್ಣನ್ನು ಹಸೆಮಣೆಗೆ ಕರೆತರಬೇಕು. ಉಳಿದದ್ದನ್ನು ನಾವು ಹಂಚಿದೆವು. ಹಸೆ ಬರೆಯಲು ನನ್ನ ನಾದಿನಿ. ನೀರು, ಮಜ್ಜಿಗೆ ಬಡಿಸಲು ಎಂಟರಿಂದ ಹನ್ನೆರಡು ವರ್ಷದ ಮಕ್ಕಳು. ಚೆಲ್ಲಿದರೂ ಯಾರೂ ಬೈಯುವಂತಿಲ್ಲ ಎಂದು ಮೊದಲೇ ಸಾರಿದ್ದೆವು. ಮೊಬೈಲು ಬಿಡದ ಹದಿನೇಳರ ಸೋದರಳಿಯನಿಗೆ, ಬಂದ ಪ್ರತಿ ಹಿರಿಯರ ಹತ್ತಿರ ಕುಳಿತು ಅವರ ಮದುವೆಯ ದಿನ ಏನಾಯಿತೆಂದು ಕೇಳಿ ಚಿತ್ರೀಕರಿಸುವ ಕೆಲಸ. ಮದುವೆಯ ಅಸಲು ವಿಡಿಯೋಗಿಂತ ಅದನ್ನೇ ನಾವು ಹೆಚ್ಚು ಸಲ ನೋಡಿದ್ದೇವೆ. ಎಲ್ಲದರಲ್ಲಿಯೂ ಕೊರತೆ ಕಾಣುವ ಒಬ್ಬ ಭಾವ ಪ್ರತಿ ಮನೆತನದಲ್ಲಿಯೂ ಇರುತ್ತಾರೆ. ಉಗ್ರಾಣದ ಬೀಗದ ಕೈಯನ್ನು ಅವರಿಗೆ ಕೊಡಿ. ಸಕ್ಕರೆಯ ಲೆಕ್ಕ ಸರಿಯಾಗಿರುತ್ತದೆ, ಅವರಿಗೂ ಮಾತನಾಡಲು ಬಿಡುವಿರುವುದಿಲ್ಲ.

ಸೋಬಾನೆ ಹಾಡಲು ಬರುವವರು ಈಗ ಕಡಿಮೆ. ನಮ್ಮಲ್ಲಿ ನನ್ನ ಚಿಕ್ಕಮ್ಮ ಒಬ್ಬರೇ. ಅವರು ಒಂದು ಸಾಲು ಹೇಳುವುದು, ಉಳಿದವರು ‘ಸೋ’ ಎನ್ನುವುದು, ಇಷ್ಟರಲ್ಲೇ ಅರಿಶಿನದ ಶಾಸ್ತ್ರ ಮುಗಿಯಿತು. ಮೈಕು ಇರಲಿಲ್ಲ. ಎಂಬತ್ತು ಜನಕ್ಕೆ ಬೇಕಾಗುವುದೂ ಇಲ್ಲ.

ಊಟ: ಕಡಿಮೆ ಬಗೆ, ಸರಿಯಾದ ಅಳತೆ

ಇಪ್ಪತ್ತೆಂಟು ಬಗೆಯ ಪಟ್ಟಿ ಮಾಡಲು ಅಡುಗೆಯವರು ಹುರಿದುಂಬಿಸುತ್ತಾರೆ. ಒಪ್ಪಬೇಡಿ. ಎಲೆಯಲ್ಲಿ ಇಪ್ಪತ್ತೆಂಟು ಬಗೆ ಇದ್ದರೆ ಬಡಿಸುವವರು ಓಡುತ್ತಲೇ ಇರುತ್ತಾರೆ, ‘ಇನ್ನೊಂದು ಸ್ವಲ್ಪ’ ಎಂದು ಉಪಚಾರ ಮಾಡಲು ಯಾರೂ ನಿಲ್ಲುವುದಿಲ್ಲ. ನಾವು ಮಾಡಿಸಿದ್ದು ಇಷ್ಟು: ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಮಾವಿನಕಾಯಿ ಉಪ್ಪಿನಕಾಯಿ, ಹಪ್ಪಳ, ಕಾಯಿ ಹೋಳಿಗೆ, ಶಾವಿಗೆ ಪಾಯಸ, ಅನ್ನ, ಹಿತಕಿದ ಬೇಳೆ ಸಾರು, ತಿಳಿಸಾರು, ಮೊಸರು.

ಹಿತಕಿದ ಬೇಳೆಯ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು. ಅಡುಗೆಯವರು ‘ಅದೆಲ್ಲ ಆಗುವುದಿಲ್ಲ ಅಮ್ಮ, ಹಿತುಕಲು ಜನ ಯಾರು’ ಎಂದರು. ಜನ ಇದ್ದರು. ಹದಿನೈದು ಕಿಲೋ ಅವರೆಕಾಯಿ ತರಿಸಿ, ಬೆಳಗ್ಗೆಯೇ ಸುಲಿದು ನೆನೆಹಾಕಿದ್ದ ಕಾಳನ್ನು ಮದುವೆಯ ಹಿಂದಿನ ಸಂಜೆ ತೊಟ್ಟಿಯ ಸುತ್ತ ಪರಾತಗಳಲ್ಲಿ ಹರಡಿದೆವು. ಹನ್ನೆರಡು ಹೆಂಗಸರು, ನಾಲ್ಕು ಗಂಡಸರು, ಲೆಕ್ಕಕ್ಕೆ ಸಿಗದಷ್ಟು ಮಕ್ಕಳು. ಬೀಗರ ಕಡೆಯ ಅಜ್ಜಿಯೊಬ್ಬರು ಎರಡು ಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಹಾರಿ ನೇರ ಪಾತ್ರೆಗೆ ಬೀಳುತ್ತಿತ್ತು. ನಮ್ಮ ಹುಡುಗರದು ಗೋಡೆಗೆ. ಎರಡು ಗಂಟೆಯಲ್ಲಿ ಕೆಲಸ ಮುಗಿಯುವಷ್ಟರಲ್ಲಿ ಅಲ್ಲಿಯವರೆಗೆ ‘ಬೀಗರೇ’, ‘ನೀವು’ ಎಂದು ಬಿಗಿಯಾಗಿದ್ದವರೆಲ್ಲ ಅಕ್ಕ, ಅತ್ತಿಗೆ ಎಂದು ಕರೆಯತೊಡಗಿದ್ದರು. ನಿಮ್ಮ ಮದುವೆ ಅವರೆಕಾಳಿನ ಕಾಲದಲ್ಲಿ ಇಲ್ಲದಿದ್ದರೆ ಹೂ ಕಟ್ಟುವುದೋ, ತಾಂಬೂಲದ ಚೀಲ ತುಂಬುವುದೋ, ಎರಡೂ ಮನೆಯವರ ಕೈ ಒಂದೇ ಹರಿವಾಣದಲ್ಲಿ ಇರುವಂಥ ಒಂದು ಕೆಲಸವನ್ನು ಹಿಂದಿನ ಸಂಜೆಗೆ ಬೇಕೆಂದೇ ಉಳಿಸಿಕೊಳ್ಳಿ.

ಅಳತೆ ಕೇಳುವವರಿಗೆ, ನೂರು ಎಲೆಗೆ ನಮ್ಮ ಲೆಕ್ಕ ಹೀಗಿತ್ತು. ಅಕ್ಕಿ ಹನ್ನೆರಡು ಕಿಲೋ. ತಿಳಿಸಾರಿಗೆ ತೊಗರಿಬೇಳೆ ಎರಡು ಕಿಲೋ. ಕೋಸಂಬರಿಗೆ ಹೆಸರುಬೇಳೆ ಎರಡು ಕಿಲೋ. ಹುರುಳಿಕಾಯಿ ಎಂಟು ಕಿಲೋ. ತೆಂಗಿನಕಾಯಿ ಹೋಳಿಗೆಗೂ ಸೇರಿ ನಲವತ್ತು. ಹೋಳಿಗೆ ತಲೆಗೆ ಒಂದೂವರೆಯಂತೆ ನೂರೈವತ್ತು. ತುಪ್ಪ ಎರಡು ಕಿಲೋ. ಹಾಲು ಒಟ್ಟು ಮೂವತ್ತು ಲೀಟರ್: ಮೊಸರಿಗೆ ಹನ್ನೆರಡು, ಕಾಫಿಗೆ ಹತ್ತು, ಪಾಯಸಕ್ಕೆ ಏಳು, ಧಾರೆಗೆ ಒಂದು. ಧಾರೆಯ ಲೀಟರನ್ನು ಮೊದಲೇ ಬೇರೆ ಪಾತ್ರೆಯಲ್ಲಿಟ್ಟು ಮುಚ್ಚಿ, ಇಲ್ಲದಿದ್ದರೆ ಅದು ಕಾಫಿಯಾಗಿಬಿಡುತ್ತದೆ. ಬಾಳೆ ಎಲೆಗಳಲ್ಲಿ ಹರಿದವು, ಕಿರಿದಾದವು ಇರುತ್ತವೆ. ನೂರು ಬೇಕಾದಲ್ಲಿ ನೂರಿಪ್ಪತ್ತು ತರಿಸಿ. ಬೆಳಗಿನ ತಿಂಡಿಯ ಎಲೆಯ ಲೆಕ್ಕ ಬೇರೆ.

ಪಂಕ್ತಿಗೆ ನಲವತ್ತರಂತೆ ಎರಡೇ ಪಂಕ್ತಿ. ಮೊದಲ ಪಂಕ್ತಿಯಲ್ಲಿ ಉಂಡವರು ಎರಡನೆಯದಕ್ಕೆ ಬಡಿಸುತ್ತಾರೆ. ನಮ್ಮ ಹೊಸ ಅಳಿಯನೂ ಪಂಚೆ ಎತ್ತಿ ಕಟ್ಟಿ ಪಾಯಸದ ಬಕೆಟ್ಟು ಹಿಡಿದ. ಯಾರೂ ಹೇಳಿರಲಿಲ್ಲ.

ಧಾರೆಯ ಹೊತ್ತು

ಪುರೋಹಿತರ ಹತ್ತಿರ ವಾರ ಮೊದಲೇ ಕುಳಿತು ಯಾವ ಶಾಸ್ತ್ರ ಬೇಕು, ಯಾವುದು ಬೇಡ ಎಂದು ಬರೆಸಿಕೊಳ್ಳಿ. ಬಂದವರೆಲ್ಲ ಹಾಲೆರೆಯುವುದನ್ನು ಮೊಟಕು ಮಾಡಬಾರದು ಎಂಬುದನ್ನು ಅವರಿಗೆ ಸ್ಪಷ್ಟವಾಗಿ ತಿಳಿಸಿ. ಮುಂದಿನ ಮದುವೆಗೆ ಹೊರಡುವ ಅವಸರ ಅವರಿಗೂ ಇರುತ್ತದೆ. ಫೋಟೋ ತೆಗೆಯುವವರು ಒಬ್ಬರು ಸಾಕು. ಹಸೆಮಣೆಗೂ ಜನರಿಗೂ ನಡುವೆ ನಿಲ್ಲಬಾರದೆಂದು ಮೊದಲೇ ಮಾತಾಗಿರಲಿ. ಛತ್ರದಲ್ಲಿ ಧಾರೆಯನ್ನು ಪರದೆಯ ಮೇಲೆ ತೋರಿಸಬೇಕಾಗಿ ಬಂದದ್ದೇ ಅಡ್ಡ ನಿಂತ ಆ ಬೆನ್ನುಗಳಿಂದ. ಕುರ್ಚಿ ಹಿರಿಯರಿಗೆ ಮಾತ್ರ, ಉಳಿದವರಿಗೆ ಜಮಖಾನೆ. ನೆಲದ ಮೇಲೆ ಕುಳಿತವರು ಎದ್ದುಹೋಗುವುದು ಕಡಿಮೆ.

ನಮ್ಮ ಎಂಬತ್ತು ಜನ ಹಾಲೆರೆಯಲು ಐವತ್ತು ನಿಮಿಷ ಹಿಡಿಯಿತು. ಅಜ್ಜಿಯೊಬ್ಬರೇ ಐದು ನಿಮಿಷ ತೆಗೆದುಕೊಂಡರು, ಎರೆಯುತ್ತಾ ಅಳುತ್ತಾ.

ಶಾಸ್ತ್ರಗಳೇ ಬೇಡವೆನ್ನುವವರಿಗೆ ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯ ಇದೆ. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ರಾಜೇಶ್ವರಿಯವರನ್ನು ಮದುವೆಯಾದದ್ದು ಈ ರೀತಿಯಲ್ಲೇ. ಜಾತಕವಿಲ್ಲ, ವರದಕ್ಷಿಣೆಯಿಲ್ಲ, ಹತ್ತಿರದವರ ಮುಂದೆ ಪ್ರತಿಜ್ಞೆಯನ್ನು ಓದುವುದು ಅದರ ತಿರುಳು. ಓದುವುದನ್ನು ಇಬ್ಬರೂ ಮೊದಲೇ ಗಟ್ಟಿಯಾಗಿ ಅಭ್ಯಾಸ ಮಾಡಿಕೊಳ್ಳಲಿ. ನಾನು ಹೋಗಿದ್ದ ಅಂಥ ಮದುವೆಯೊಂದರಲ್ಲಿ ಹುಡುಗ ಎಷ್ಟು ಮೆಲ್ಲಗೆ ಓದಿದನೆಂದರೆ ಅವನು ಏನಕ್ಕೆ ಒಪ್ಪಿದನೆಂದು ಹೆಂಡತಿಗೂ ಕೇಳಿಸಿರಲಾರದು.

ಕಾಗದಪತ್ರ

ಹಿಂದೂ ವಿವಾಹ ಕಾಯ್ದೆ, 1955ರಂತೆ ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ನೋಂದಣಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ, ಕಾವೇರಿ 2.0 ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಲಗ್ನಪತ್ರಿಕೆ, ಮದುವೆಯ ಫೋಟೋ, ವಯಸ್ಸು ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳು ಸಿದ್ಧವಿರಲಿ. ಕೆಲಸಕ್ಕೆ ಊರು ಬಿಟ್ಟು ಹೋಗುವ ಜೋಡಿಯಾದರೆ ಮದುವೆಯ ವಾರದಲ್ಲೇ ಮುಗಿಸಿಬಿಡಿ. ಯಾವ ಶಾಸ್ತ್ರವೂ ನಡೆಯದೆ ಬರಿಯ ಪ್ರಮಾಣಪತ್ರದಿಂದ ಹಿಂದೂ ವಿವಾಹವಾಗದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಹಾಗಾಗಿ ಶಾಸ್ತ್ರ ಬೇಡವೆನ್ನುವವರಿಗೂ, ಬೇರೆ ಬೇರೆ ಧರ್ಮದವರಿಗೂ 1954ರ ವಿಶೇಷ ವಿವಾಹ ಕಾಯ್ದೆಯೇ ಸರಿಯಾದ ದಾರಿ. ಅದಕ್ಕೆ ಮೂವತ್ತು ದಿನದ ನೋಟಿಸು ಇರುವುದರಿಂದ ಎರಡು ತಿಂಗಳು ಮೊದಲೇ ಓಡಾಡಿ.

ಉಡುಗೊರೆಗಳನ್ನು ಬರೆದಿಡುವುದು ಬರಿಯ ಮುಯ್ಯಿಯ ಲೆಕ್ಕಕ್ಕಲ್ಲ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ ವಧುವಿಗೆ ಬಂದದ್ದು, ವರನಿಗೆ ಬಂದದ್ದು ಎಂದು ಎರಡು ಪಟ್ಟಿ ಇರಬೇಕು: ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ, ಕೆಳಗೆ ಇಬ್ಬರ ಸಹಿ. ಮುಯ್ಯಿ ಬರೆಯುವವರಿಗೆ ಎರಡು ಕಾಲಂ ಹೆಚ್ಚಿಗೆ ಎಳೆದುಕೊಟ್ಟರೆ ಕೆಲಸ ಮುಗಿಯಿತು.

ಬೀಗರೂಟ ಮತ್ತು ಆಮೇಲೆ

ಧಾರೆಯ ದಿನ ಸಸ್ಯಾಹಾರ, ಬೀಗರೂಟಕ್ಕೆ ಮಾಂಸ ಎನ್ನುವುದು ನಮ್ಮ ಕಡೆಯ ರೂಢಿ. ಮದುವೆಯನ್ನು ಚಿಕ್ಕದಾಗಿ ಮಾಡಿದವರೆಲ್ಲ ಜಾರಿ ಬೀಳುವುದು ಇಲ್ಲೇ. ‘ಮದುವೆಗಂತೂ ಕರೆಯಲಿಲ್ಲ, ಬೀಗರೂಟಕ್ಕಾದರೂ ಕರೆಯೋಣ’ ಎಂದು ಒಬ್ಬರು ಬಾಯಿ ತೆರೆದರೆ ನಾಲ್ಕುನೂರು ಜನರಾಗುತ್ತಾರೆ. ಮದುವೆಗೆ ಬಂದ ಪಟ್ಟಿಯೇ ಬೀಗರೂಟಕ್ಕೂ ಎಂದು ಪಟ್ಟು ಹಿಡಿಯಿರಿ. ಎಂಬತ್ತು ಜನರಿಗೆ ಮಾಂಸ ಹದಿನಾರು ಕಿಲೋ, ಮುದ್ದೆಗೆ ರಾಗಿ ಹಿಟ್ಟು ಎಂಟು ಕಿಲೋ ಸಾಕು. ಮುದ್ದೆ ತಿರುವಲು ಗಟ್ಟಿ ರಟ್ಟೆಯ ಇಬ್ಬರು ಬೇಕು; ಅದನ್ನು ಅಡುಗೆಯವರ ಮೇಲೆ ಬಿಡದೆ ಮೊದಲೇ ಗೊತ್ತುಮಾಡಿ.

ಕೊನೆಯ ಕೆಲಸ ಪಾತ್ರೆಗಳದು. ಮನೆಮದುವೆ ನಡೆಯುವುದೇ ಸುತ್ತಲಿನ ಮನೆಗಳ ಕೊಳಗ, ಹರಿವಾಣ, ಸೌಟುಗಳಿಂದ. ತರುವಾಗಲೇ ಪ್ರತಿಯೊಂದಕ್ಕೂ ಬಣ್ಣದ ದಾರ ಕಟ್ಟಿ, ಯಾವ ಬಣ್ಣ ಯಾರ ಮನೆ ಎಂದು ಉಗ್ರಾಣದ ಬಾಗಿಲ ಹಿಂದೆ ಬರೆದು ಅಂಟಿಸಿ. ತೊಳೆದು, ಒರೆಸಿ, ಒಳಗೆ ಎರಡು ಹೋಳಿಗೆ ಇಟ್ಟು ಮೂರನೆಯ ದಿನದೊಳಗೆ ಹಿಂದಿರುಗಿಸಿ. ದಾರವನ್ನು ಪಾತ್ರೆಯ ಹಿಡಿಗೆ ಕಟ್ಟಬೇಡಿ, ಒಲೆಯ ಮೇಲೆ ಸುಟ್ಟುಹೋಗುತ್ತದೆ. ಕೊಳಗಕ್ಕೆ ಬಳೆಯಲ್ಲಿ, ಸೌಟಿಗೆ ತುದಿಯ ತೂತಿನಲ್ಲಿ ಕಟ್ಟಿ. ನಮಗೆ ಇದು ತಡವಾಗಿ ಹೊಳೆಯಿತು. ಯಾರದೆಂದು ಗೊತ್ತಾಗದ ಒಂದು ಹಿತ್ತಾಳೆ ಸೌಟು ಇನ್ನೂ ನಮ್ಮ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದೆ. ಕೇರಿಯ ಹದಿನಾಲ್ಕು ಮನೆಯವರೂ ಬಂದು ನೋಡಿ, ತಮ್ಮದಲ್ಲ ಎಂದು ಹೇಳಿ ಹೋಗಿದ್ದಾರೆ.